ಸಕ್ಕರೆ ನವಿಲಿನ ಎರಡನೆಯ ಕಾಲು

ಡಿಸೆಂಬರ್ 26, 1980, ಶುಕ್ರವಾರ, ಮಾಲೂರು

ಮುಷ್ಕರ ಇಂದಿನಿಂದ ಶುರು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎಚ್ಚರವಾಯಿತು. ಕೆಲಸವಿಲ್ಲವೆಂದು ಗೊತ್ತಿದ್ದರೂ ಸ್ನಾನ ಮಾಡಿ, ಶೂ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಮುನಿಯಲ್ಲಪ್ಪನೂ ಬಂದಿದ್ದ. ಅವನು ಬೆಂಗಳೂರಿನ ನಮ್ಮ ಕಾರ್ಖಾನೆಯ ಫೌಂಡ್ರಿಯಲ್ಲಿದ್ದಾನೆ, ನಾನು ಪ್ಯಾಟರ್ನ್ ಶಾಪಿನಲ್ಲಿ. ನಾನು ಮರದಲ್ಲಿ ಕೆತ್ತಿಕೊಟ್ಟ ಮಾದರಿಯನ್ನು ಅವನು ಮರಳಿನಲ್ಲಿ ಒತ್ತಿ, ಆ ಗುಂಡಿಗೆ ಕಾದ ಕಬ್ಬಿಣ ಹುಯ್ಯುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ಒಂದೇ ಬೋಗಿ. ರೈಲು ಬಂತು, ನಿಂತಿತು, ಹೋಯಿತು.

"ಹೋಯ್ತಲ್ಲಣ್ಣ" ಎಂದ.

"ಹೋಯ್ತು" ಎಂದೆ.

ಇಬ್ಬರೂ ಮನೆಗೆ ಬಂದೆವು. ಮನೆಯವಳು ವಾರದ ಹಿಂದೆಯೇ ಮುಳಬಾಗಿಲಿಗೆ, ಮಗಳು ಶ್ಯಾಮಲಳ ಮನೆಗೆ ಹೋಗಿದ್ದಾಳೆ. ಶ್ಯಾಮಲಳ ಅತ್ತೆಗೆ ಕಣ್ಣಿನ ಆಪರೇಷನ್, ಮಗುವಿಗೆ ಇನ್ನೂ ಐದು ತಿಂಗಳು. ಸಂಕ್ರಾಂತಿಗೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡೇ ಬರುತ್ತಾಳಂತೆ. ಅಲ್ಲಿಯತನಕ ನನ್ನ ಊಟ ಹೋಟೆಲಿನಲ್ಲಿ. ನನಗೆ ಅಡುಗೆಮನೆಯ ಕೆಲಸ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇದುವರೆಗೆ ಬಂದಿಲ್ಲ.

ಡಿಸೆಂಬರ್ 28, ಭಾನುವಾರ

ಎರಡು ದಿನದಲ್ಲಿ ಮನೆಯಲ್ಲಿ ರಿಪೇರಿಗೆ ಬಂದದ್ದೆಲ್ಲ ಮುಗಿಯಿತು. ಬಾಗಿಲಿನ ಚಿಲಕ, ಮಣೆಯ ಕಾಲು, ಮೊರದ ಅಂಚು. ಪಕ್ಕದ ಮನೆಯ ಅಕ್ಕಯಮ್ಮನ ಕಿಟಕಿಯನ್ನೂ ಬಿಚ್ಚಿ ಜೋಡಿಸಿದೆ. ಅದು ಮೊದಲೇ ಚೆನ್ನಾಗಿತ್ತು.

ಮಧ್ಯಾಹ್ನ ಅಟ್ಟ ಹತ್ತಿದಾಗ ಹಳೆಯ ಪಂಚೆಯಲ್ಲಿ ಕಟ್ಟಿಟ್ಟ ಗಂಟು ಸಿಕ್ಕಿತು. ಮನೆಯವಳು ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳು. ಆವನಿಯಲ್ಲಿದ್ದ ನಮ್ಮ ಅತ್ತೆ ಆವಲಮ್ಮನವರು ಬಳಸುತ್ತಿದ್ದವು. ಹನ್ನೆರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದವು. ಒಟ್ಟು ನಾಲ್ಕು ಜೊತೆ: ನವಿಲು, ಆನೆ, ತುಳಸಿಕಟ್ಟೆ, ಗಿಳಿ. ಎರಡೆರಡು ಹೋಳು ಒಂದಕ್ಕೊಂದು ಕೂಡಿಸಿ, ದಾರ ಸುತ್ತಿ, ಮೇಲಿನ ತೂತಿನಿಂದ ಪಾಕ ಹುಯ್ಯುವುದು. ಇಷ್ಟು ವರ್ಷ ಒಂದು ದಿನವೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಕೆಲಸ ಸುಮಾರು. ಹೋಳುಗಳ ಅಂಚು ಸಮನಾಗಿಲ್ಲ. ಒಳಮೈ ಒರಟು, ಕಪ್ಪು, ಅಲ್ಲಲ್ಲಿ ಬಿರುಕು. ನವಿಲಿಗಂತೂ ಆ ಬಡಗಿ ಒಂದೇ ಕಾಲು ಕೆತ್ತಿ ಎದ್ದುಹೋಗಿದ್ದಾನೆ. ನಮ್ಮ ಶಾಪಿನಲ್ಲಿ ಇಂಥದ್ದನ್ನು ಇನ್‌ಸ್ಪೆಕ್ಟರ್ ಮುಂದೆ ಇಟ್ಟರೆ ಎತ್ತಿ ಬಿಸಾಡುತ್ತಾನೆ.

ಮನೆಯವಳು ಬರುವ ಹೊತ್ತಿಗೆ ಇವನ್ನು ಸರಿಮಾಡಿಟ್ಟರೆ ಸಂತೋಷಪಡುತ್ತಾಳೆ.

ಡಿಸೆಂಬರ್ 30, ಮಂಗಳವಾರ

ಮರಳುಕಾಗದದಲ್ಲಿ ಒಳಗೂ ಹೊರಗೂ ಉಜ್ಜಿ, ಎರಡು ಕೈ ವಾರ್ನಿಶ್ ಕೊಟ್ಟೆ. ಶಾಪಿನಲ್ಲಿ ನಾವು ಯಾವ ಮಾದರಿಯನ್ನೂ ವಾರ್ನಿಶ್ ಇಲ್ಲದೆ ಫೌಂಡ್ರಿಗೆ ಕಳಿಸುವುದಿಲ್ಲ. ವಾರ್ನಿಶ್ ಇದ್ದರೆ ಮರಳು ಅಂಟುವುದಿಲ್ಲ, ಮರಕ್ಕೆ ನೀರೂ ಇಳಿಯುವುದಿಲ್ಲ. ನೀರು ಇಳಿಯದ ಮರ ನೂರು ವರ್ಷ ಬಾಳುತ್ತದೆ.

ಡಬ್ಬ ಖಾಲಿಯಾದ್ದರಿಂದ ಗಿಳಿಗೆ ಸಾಲಲಿಲ್ಲ. ಉಳಿದ ಮೂರು ಜೊತೆ ಫಳಫಳ ಹೊಳೆಯುತ್ತಿವೆ. ಉಜ್ಜುವಾಗ ನವಿಲಿನ ಗರಿಯ ಗೆರೆಗಳು ಸ್ವಲ್ಪ ಸವೆದವು. ಗೊತ್ತಾಗುವಷ್ಟಿಲ್ಲ.

ಜನವರಿ 1, 1981, ಗುರುವಾರ

ಕಾರ್ಖಾನೆಯ ಹೊಸ ಡೈರಿ ಈ ವರ್ಷ ಸಿಗಲಿಲ್ಲ. ಹಳೆಯದರ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಷ್ಕರ ಏಳನೆಯ ದಿನ. ವಾರ್ನಿಶ್ ಒಣಗಿದೆ.

ಜನವರಿ 2, ಶುಕ್ರವಾರ

ಅಕ್ಕಯಮ್ಮ ಕರಿಬೇವು ಕಿತ್ತುಕೊಳ್ಳಲು ಹಿತ್ತಲಿಗೆ ಬಂದವರು ಜಗಲಿಯ ಮೇಲಿನ ಅಚ್ಚುಗಳನ್ನು ಕಂಡು ನಿಂತುಬಿಟ್ಟರು. ಎಪ್ಪತ್ತು ದಾಟಿದ ಹೆಂಗಸು. ಶ್ರೀನಿವಾಸಪುರದ ಕಡೆಯವರಾದ್ದರಿಂದ ಮಾತಿನ ಮಧ್ಯೆ ತೆಲುಗು ಬಂದೇ ಬರುತ್ತದೆ.

"ಇದು ಭಾರತಮ್ಮಂದು ಅಲ್ವಾ ನಾಯನಾ?"

"ಹೌದು. ವಾರ್ನಿಶ್ ಹೊಡೆದಿದೀನಿ."

ಅಕ್ಕಯಮ್ಮ ಒಂದನ್ನು ಎತ್ತಿ ಮೂಸಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. "ಅಚ್ಚು ಹುಯ್ಯೋ ಮರ ನೀರು ಕುಡೀಬೇಕು ಕಣಪ್ಪ. ಹಿಂದಿನ ದಿನಾನೇ ನೆನೆಹಾಕ್ತಾರೆ. ಹೊಟ್ಟೆ ತುಂಬಾ ನೀರು ಕುಡಿದಿದ್ರೇನೇ ಅದು ಸಕ್ಕರೇನ ಬಿಟ್ಟುಕೊಡೋದು. ನೀನು ಅದರ ಬಾಯೇ ಹೊಲಿದುಬಿಟ್ಟಿದೀಯ."

ಇಪ್ಪತ್ತೆರಡು ವರ್ಷದಿಂದ ನನ್ನದು ಇದೇ ಕೆಲಸ ಎಂದೆ.

"ಅಲ್ಲಿ ಹುಯ್ಯೋದು ಕಬ್ಬಿಣ. ಅದನ್ನ ಯಾರೂ ತಿನ್ನಲ್ಲ" ಎಂದು ಕರಿಬೇವು ಕಿತ್ತುಕೊಂಡು ಹೋದರು.

ವಯಸ್ಸಾದವರ ಜೊತೆ ವಾದ ಬೇಡ. ನಾಳೆ ನಾನೇ ಹುಯ್ದು ತೋರಿಸುತ್ತೇನೆ.

ಜನವರಿ 3, ಶನಿವಾರ

ಸಕ್ಕರೆ ಹುಡುಕಲು ಒಂದು ಗಂಟೆ ಹಿಡಿಯಿತು. ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬದ ಮೇಲೆ ಬರೆದದ್ದೂ ಒಳಗಿಲ್ಲ. ಚಹಾಪುಡಿ ಡಬ್ಬದಲ್ಲಿ ಮೆಂತ್ಯ, ಬಿಸ್ಕತ್ತಿನ ಡಬ್ಬದಲ್ಲಿ ದಾರದುಂಡೆ. ಸಕ್ಕರೆ ಇದ್ದದ್ದು ಹಾಲಿನಪುಡಿಯ ಡಬ್ಬದಲ್ಲಿ. ಹಬ್ಬಕ್ಕೆಂದು ರೇಷನ್ನಿನಲ್ಲಿ ತಂದು ತಿಂಗಳುಗಟ್ಟಲೆ ಕೂಡಿಟ್ಟದ್ದು.

ಸೀಮೆಎಣ್ಣೆ ಸ್ಟೌ ಹಚ್ಚಿ ಪಾಕ ಕಾಯಿಸಿ, ನಾಲ್ಕೂ ಅಚ್ಚಿಗೆ ಹುಯ್ದೆ. ಗಿಳಿಯನ್ನು ಮಾತ್ರ ಒಂದು ಗಂಟೆ ನೀರಿನಲ್ಲಿ ನೆನೆಸಿದ್ದೆ, ಹೋಲಿಕೆಗೆ.

ಆನೆ ಅಚ್ಚು ಬಿಟ್ಟು ಬರಲಿಲ್ಲ. ಉಳಿಯಿಂದ ಎಬ್ಬಿಸಿದಾಗ ಸೊಂಡಿಲಿಲ್ಲದೆ ಬಂತು. ತುಳಸಿಕಟ್ಟೆ ಪುಡಿಯಾಯಿತು. ನವಿಲು ಹಳದಿ ಬಣ್ಣಕ್ಕೆ ತಿರುಗಿ, ಹೊಸ ಮೇಜಿನ ವಾಸನೆ ಹೊಡೆಯುತ್ತಿತ್ತು. ಗಿಳಿಗೆ ತಲೆ ಮುರಿದಿದ್ದರೂ ಮೈ ಬೆಳ್ಳಗಿತ್ತು.

ಪಾಕ ಸರಿಯಿರಲಿಲ್ಲ. ಒಂದು ಸಲದ್ದನ್ನು ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಜನವರಿ 4, ಭಾನುವಾರ

ನಿನ್ನೆಯ ನಾಲ್ಕನ್ನೂ ತಟ್ಟೆಯಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಇರುವೆ ಸಾಲು ನವಿಲನ್ನು ಸುತ್ತುಹಾಕಿ, ಆನೆಯನ್ನು ದಾಟಿ, ಗಿಳಿಗೆ ಮುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಿಳಿ ಇರಲಿಲ್ಲ. ನವಿಲು ಇಟ್ಟ ಹಾಗೇ ಇತ್ತು.

ಅಕ್ಕಯಮ್ಮನ ಮಾತನ್ನು ಬೇಕಾದರೆ ತಳ್ಳಿಹಾಕಬಹುದು. ಇರುವೆಗೆ ನನ್ನ ಮೇಲೆ ಯಾವ ದ್ವೇಷವೂ ಇಲ್ಲ.

ಜನವರಿ 5, ಸೋಮವಾರ

ಮುಳಬಾಗಿಲಿನಿಂದ ಕಾರ್ಡು ಬಂತು. ಇಲ್ಲಿ ಅಂಟಿಸುವುದಕ್ಕಿಂತ ನಕಲು ಮಾಡುವುದೇ ಮೇಲು.

"ನಾವು ಹತ್ತನೇ ತಾರೀಖು ಶನಿವಾರ ಬರುತ್ತೇವೆ. ಶುಕ್ರವಾರ ಸಂಜೆ ಅಟ್ಟದ ಮೇಲಿನ ಗಂಟು ಇಳಿಸಿ ಅಚ್ಚುಗಳನ್ನು ತಾಮ್ರದ ಹಂಡೆಯಲ್ಲಿ ನೆನೆಹಾಕಿ. ನೀರು ಮುಳುಗುವಷ್ಟಿರಲಿ. ಬೇರೆ ಏನೂ ಮಾಡಬೇಡಿ. ನಿಮ್ಮ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮೊದಲ ಸಂಕ್ರಾಂತಿಗೂ ಶ್ಯಾಮಲನ ಮೊದಲ ಸಂಕ್ರಾಂತಿಗೂ ಅಮ್ಮ ಅದರಲ್ಲೇ ಹುಯ್ದದ್ದು. ಈಗ ಪಾಪುಗೆ ನಾನು ಹುಯ್ಯಬೇಕು. ಅಮ್ಮ ಹೋದಾಗ ಅಣ್ಣಂದಿರು ಏನು ಬೇಕು ಅಂದರು, ನಾನು ಕೇಳಿ ತಂದದ್ದು ಅದೊಂದೇ. ಊಟ ಹೊತ್ತಿಗೆ ಸರಿಯಾಗಿ ಮಾಡಿ. ಭಾರತಿ."

ಎರಡು ಸಲ ಓದಿದೆ. ಹೋಟೆಲಿಗೆ ಹೋಗಲಿಲ್ಲ. ಹಸಿವಿರಲಿಲ್ಲ.

ಜನವರಿ 6, ಮಂಗಳವಾರ

ಬೆಳಿಗ್ಗೆಯಿಂದ ಗಾಜಿನ ಚೂರಿನಿಂದ ವಾರ್ನಿಶ್ ಹೆರೆದೆ. ಬಿಸಿನೀರು, ಸೋಡಾ, ಸೀಗೆಪುಡಿ, ಹುಣಸೆಹಣ್ಣು. ಮೇಲಿನದು ಬಂತು. ಮರದ ಒಳಕ್ಕೆ ಇಳಿದದ್ದು ಬರಲಿಲ್ಲ. ಹೆರೆದಷ್ಟೂ ಗೆರೆಗಳು ಹೋದವು. ನವಿಲಿನ ಬಾಲ ಈಗ ಮೊರದ ಹಾಗೆ ಸಪಾಟಾಗಿದೆ. ನೀರಿನಲ್ಲಿ ಅದುಮಿಟ್ಟರೆ ಮರ ಒಂದು ಗುಟುಕೂ ಕುಡಿಯುತ್ತಿಲ್ಲ. ಮೇಲೆತ್ತಿದ ಕೂಡಲೇ ಒಣಗಿ ನಿಲ್ಲುತ್ತದೆ.

ಕೆಲಸ ಕೆಟ್ಟಿದೆ. ಕೆಡಿಸಿದವನು ನಾನು. ಇಂಥ ವಾಕ್ಯವನ್ನು ನನ್ನ ಡೈರಿಯಲ್ಲಿ ಈ ಮೊದಲು ಬರೆದ ನೆನಪಿಲ್ಲ.

ಜನವರಿ 7, ಬುಧವಾರ

ಹೊಸದು ಕೆತ್ತುತ್ತೇನೆ. ಹಳೆಯದರ ಜಾಗದಲ್ಲಿ ಇಡುತ್ತೇನೆ. ಭಾರತಿಗೆ ತಿಳಿಯುವುದು ಬೇಡ.

ಸಾಮಿಲ್ಲಿನಲ್ಲಿ ಹಳೇ ತೇಗದ ಕಿಟಕಿ ಚೌಕಟ್ಟಿನ ತುಂಡು ಸಿಕ್ಕಿತು. ಸಂಜೆಯೊಳಗೆ ತುಳಸಿಕಟ್ಟೆ ಮುಗಿಯಿತು. ಮರವನ್ನು ಮೂರು ಸಲ ಕುದಿಸಿ ಅದರ ಕರೆ ತೆಗೆದೆ.

ಅಚ್ಚು ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಹುಯ್ದೇ ನೋಡಬೇಕು. ಹುಯ್ಯಬೇಕಾದರೆ ಪಾಕ ಬರಬೇಕು. ಅಕ್ಕಯಮ್ಮನ ಮನೆಗೆ ಹೋಗಿ, ಹೇಳಿಕೊಡಿ ಎಂದೆ. ಅವರು ನಾನು ಹೇಳಿದ್ದೆ ನೋಡು ಎನ್ನಲಿಲ್ಲ. ಅಂದಿದ್ದರೆ ಸುಲಭವಾಗಿರುತ್ತಿತ್ತು.

ಅಡುಗೆಮನೆಗೆ ಬಂದು ಕೂತು ಹೇಳಿಕೊಟ್ಟರು. ಸಕ್ಕರೆ ಮುಳುಗುವಷ್ಟು ನೀರು. ಕುದಿ ಬಂದಾಗ ಒಂದು ಚಮಚ ಹಾಲು. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸುವುದು. ಆಮೇಲೆ ಒಂದು ಲೋಟದಷ್ಟು ಮಾತ್ರ ಸಣ್ಣ ಪಾತ್ರೆಗೆ ಹಾಕಿಕೊಂಡು ಮತ್ತೆ ಕಾಯಿಸಿ, ಕೈ ಬಿಡದೆ ತಿರುವುವುದು.

"ಎಷ್ಟು ನಿಮಿಷ?" ಎಂದೆ.

"ನಿಮಿಷ ನಂಗೇನು ಗೊತ್ತು ನಾಯನಾ. ಪಾತ್ರೆ ಅಂಚು ನೋಡ್ತಾ ಇರು. ಅಂಚು ಬೆಳ್ಳಗಾಯ್ತಾ, ಹುಯ್ಯಿ. ನೋಡೋಣ ಇನ್ನೂ ಸ್ವಲ್ಪ ಅಂದ್ಯೋ, ಪಾತ್ರೇಲೇ ಕಲ್ಲಾಗುತ್ತೆ."

ಪಾತ್ರೆಯಲ್ಲೇ ಕಲ್ಲಾಯಿತು. ನಾಲ್ಕು ಸಲ.

ಐದನೆಯದಕ್ಕೆ ಡಬ್ಬದಲ್ಲಿ ಸಕ್ಕರೆ ಉಳಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಮುನಿಯಲ್ಲಪ್ಪ ಬಂದ. ಯೂನಿಯನ್ ಸಭೆಯ ವರದಿ ಹೇಳಲು ಬಂದವನು ಕಲ್ಲಾದ ಪಾಕವನ್ನು ನೋಡಿ, ಮನೆಗೆ ಹೋಗಿ ಎರಡು ಕಿಲೋ ಸಕ್ಕರೆ ತಂದಿಟ್ಟ.

"ನಮ್ಮನೇಲಿ ಯಾರೂ ಕಾಫಿ ಕುಡಿಯಲ್ಲಣ್ಣ. ಸುಮ್ನೆ ಬಿದ್ದಿತ್ತು" ಎಂದ.

ಇವನು ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ಸಭೆಯಲ್ಲಿ ಏನಾಯಿತೆಂದು ಕೇಳಲು ನನಗೂ, ಹೇಳಲು ಅವನಿಗೂ ಮರೆತುಹೋಯಿತು.

ಜನವರಿ 8, ಗುರುವಾರ

ಆನೆ ಮುಗಿಯಿತು. ನವಿಲೂ ಮುಗಿಯಿತು. ನವಿಲಿಗೆ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಕೂತಿದ್ದೆ. ಹೆರೆದ ಅಚ್ಚಿನಲ್ಲಿ ಗೆರೆ ಕಾಣದಿದ್ದ ಕಡೆ ನನಗೆ ತಿಳಿದ ಹಾಗೆ ಹಾಕಿದೆ. ಗರಿ ಇಪ್ಪತ್ತೊಂದು, ಜುಟ್ಟಿಗೆ ಮೂರು ಕಡ್ಡಿ. ಕಾಲು ಎರಡು. ಆ ಬಡಗಿ ಬಿಟ್ಟುಹೋದದ್ದನ್ನು ನಾನು ಪೂರ್ತಿ ಮಾಡಿದೆ.

ಪಾಕ ಈಗ ಹಿಡಿತಕ್ಕೆ ಬಂದಿದೆ. ಇಂದು ಗಿಳಿ ಹನ್ನೊಂದು ಹುಯ್ದೆ, ಹತ್ತು ಇಡಿಯಾಗಿ ಬಂದವು. ಹಾಲು ಎಮ್ಮೆಯದಾದರೆ ಬಿಳುಪು ಹೆಚ್ಚು. ತಿರುವಲು ಮರದ ಸೌಟೇ ಆಗಬೇಕು. ಅಚ್ಚನ್ನು ನೀರಿನಿಂದ ತೆಗೆದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಹೋಳುಗಳನ್ನು ಬಿಡಿಸುವಾಗ ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಒಳಗಿರುವುದು ಮುರಿದಿಲ್ಲವೆಂದು ಅರ್ಥ. ಇಂದು ಹತ್ತು ಸಲ ಕೇಳಿದೆ. ಕೇಳಿಸಲೆಂದೇ ಒಂದೆರಡು ಹೆಚ್ಚು ಹುಯ್ದಿರಬಹುದು.

ಗಿಳಿಗಳನ್ನು ಬೀದಿಯ ಮಕ್ಕಳಿಗೆ ಕೊಟ್ಟೆ. ಒಬ್ಬಳು ಹಬ್ಬ ಇನ್ನೂ ಬಂದಿಲ್ಲವಲ್ಲ ಎಂದಳು. ಇದು ಟ್ರಯಲ್ ಎಂದೆ.

ಸಂಜೆ ಕೂತು ಯೋಚಿಸಿದೆ. ಪ್ರತಿ ಸಂಕ್ರಾಂತಿಗೆ ಭಾರತಿ ನಲವತ್ತು ಮನೆಗೆ ಎಳ್ಳು ಬೀರುತ್ತಾಳೆ. ಮನೆಗೆ ಎರಡರಂತೆ ಎಂಬತ್ತು ಅಚ್ಚು. ಹನ್ನೆರಡು ವರ್ಷದಿಂದ, ಒಬ್ಬಳೇ. ನಾನು ಆ ದಿನಗಳಲ್ಲಿ ರೈಲಿಳಿದು ಬಂದು ಹೇಳುತ್ತಿದ್ದದ್ದು ಒಂದೇ ಮಾತು: ನೆಲ ಅಂಟುತ್ತಿದೆ, ಒರೆಸಿಲ್ಲವಾ.

ನಾಚಿಕೆಯಾಯಿತು. ನೆಲ ಒರೆಸಿದೆ. ಸಕ್ಕರೆ ನೀರು ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಸಲ ಒರೆಸಬೇಕು.

ಜನವರಿ 9, ಶುಕ್ರವಾರ

ಹೊಸ ಅಚ್ಚುಗಳ ಹೊರಮೈಗೆ ಹರಳೆಣ್ಣೆಯಲ್ಲಿ ಒಲೆಮಸಿ ಕಲಸಿ ಹಚ್ಚಿ, ಮತ್ತೆ ಒರೆಸಿದೆ. ಐವತ್ತು ವರ್ಷದ್ದೆಂದರೆ ಯಾರಾದರೂ ನಂಬುತ್ತಾರೆ. ಹಳೆಯ ಮೂರು ಜೊತೆಯನ್ನು ಗೋಣಿಚೀಲದಲ್ಲಿ ಕಟ್ಟಿ ಸೌದೆಯ ಹಿಂದೆ ಇಟ್ಟೆ. ಹೊಸ ಮೂರನ್ನೂ ಗಿಳಿಯನ್ನೂ ಕಾರ್ಡಿನಲ್ಲಿ ಬರೆದಂತೆ ತಾಮ್ರದ ಹಂಡೆಯಲ್ಲಿ ನೆನೆಹಾಕಿದೆ. ನೀರು ಮುಳುಗುವಷ್ಟಿದೆ. ಅಂಗಡಿಯಿಂದ ಸಕ್ಕರೆ ತಂದು ಹಾಲಿನಪುಡಿಯ ಡಬ್ಬವನ್ನೂ ತುಂಬಿಟ್ಟೆ.

ಮುನಿಯಲ್ಲಪ್ಪ ನೋಡಿ ಹೋದ. "ಕೆಲಸ ಫಸ್ಟ್ ಕ್ಲಾಸ್ ಐತೆ ಶ್ರೀರಾಮಣ್ಣ. ಹೇಳ್ಬಿಡೋದಲ್ವಾ?" ಎಂದ.

ಏನು ಹೇಳೋದು ಎಂದು ಕೇಳಿದೆ. ಅವನು ಚಪ್ಪಲಿ ಮೆಟ್ಟಿಕೊಂಡ.

ಜನವರಿ 10, ಶನಿವಾರ

ಮೂವರೂ ಬಂದರು. ಪಾಪು ನನ್ನ ಕನ್ನಡಕ ಕಿತ್ತಿತು. ಭಾರತಿ ಸೀರೆ ಬದಲಿಸುವ ಮೊದಲೇ ಹಂಡೆಯನ್ನು ನೋಡಿಬಂದಳು. ನೀರಿನಲ್ಲಿ ಮುಳುಗಿದ್ದರಿಂದ ಎಲ್ಲವೂ ಕಪ್ಪಗೆ ಕಂಡಿರಬೇಕು.

"ಹೇಳಿದಷ್ಟೇ ಮಾಡಿದೀರ. ಮೈ ಸರಿಗಿದೆ ತಾನೆ?" ಎಂದಳು.

ಹಾಗೆಂದು ಅವಳೇ ನಕ್ಕಳು. ನಾನು ಕನ್ನಡಕ ಒರೆಸಿಕೊಂಡೆ.

ಜನವರಿ 11, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಭಾರತಿ ಸ್ಟೌ ಮುಂದೆ ಕೂತಳು. ಶ್ಯಾಮಲ ದಾರ ಸುತ್ತಿ ಕೊಡುತ್ತಿದ್ದಳು. ನಾನು ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತಿದ್ದೆ. ಅಲ್ಲಿ ಕೂರಬೇಕಾದ ಅಗತ್ಯವಿರಲಿಲ್ಲ.

ಭಾರತಿ ಪಾಕ ತಿರುವುತ್ತ ಮುಳಬಾಗಿಲಿನ ಸುದ್ದಿ ಹೇಳುತ್ತಿದ್ದಳು. ಬೀಗತಿಯ ಕಣ್ಣಿಗೆ ಈಗ ಎಲ್ಲ ಸ್ಪಷ್ಟವಾಗಿ ಕಾಣುವುದರಿಂದ ಸೊಸೆಯ ಕೆಲಸದಲ್ಲಿ ತಪ್ಪು ಹೆಚ್ಚಾಗಿ ಕಾಣುತ್ತಿದೆಯಂತೆ. ಪಾತ್ರೆಯ ಅಂಚಿನಲ್ಲಿ ಬಿಳಿ ಕೂಡುತ್ತಿತ್ತು. ಇವಳ ಕಣ್ಣು ಮಗಳ ಮೇಲಿತ್ತು.

"ಅಂಚು ಬೆಳ್ಳಗಾಯ್ತು, ಹುಯ್ಯಿ" ಎಂದೆ.

ಅವಳು ಹುಯ್ದಳು. ಹುಯ್ದ ಮೇಲೆ ನನ್ನತ್ತ ತಿರುಗಿದಳು.

"ನಿಮಗೆ ಯಾರು ಹೇಳಿದ್ದು?"

"ಏನನ್ನ?"

"ಅಂಚು."

ನಾನು ಪಾಪುವಿನ ಟೋಪಿ ಸರಿಮಾಡಿದೆ. ಟೋಪಿ ಸರಿಯಾಗಿಯೇ ಇತ್ತು.

ಆನೆ ಇಡಿಯಾಗಿ ಬಂತು. ತುಳಸಿಕಟ್ಟೆಯೂ ಬಂತು. ಈ ಸಲ ಎಷ್ಟು ಚೆನ್ನಾಗಿ ಬಿಡ್ತಿದೆಯಮ್ಮ ಎಂದಳು ಶ್ಯಾಮಲ. ಭಾರತಿ ಮೂರನೆಯದನ್ನು ಬಿಡಿಸಿದಳು. ನವಿಲನ್ನು ಅಂಗೈ ಮೇಲಿಟ್ಟುಕೊಂಡಳು. ಹಾಲಿನಂಥ ಬಿಳುಪು, ಇಪ್ಪತ್ತೊಂದು ಗರಿಯೂ ಬಿದ್ದಿದ್ದವು. ಅಷ್ಟು ಒಳ್ಳೆಯ ಕೆಲಸವನ್ನು ನಾನು ಶಾಪಿನಲ್ಲೂ ಮಾಡಿಲ್ಲ.

"ಎರಡು ಕಾಲು" ಎಂದಳು.

ಶ್ಯಾಮಲ ದಾರ ಸುತ್ತುವುದನ್ನು ನಿಲ್ಲಿಸಿದಳು.

"ಅಮ್ಮನ ನವಿಲಿಗೆ ಒಂದೇ ಕಾಲಿತ್ತು ರೀ."

ಎಲ್ಲ ಹೇಳಿದೆ. ವಾರ್ನಿಶ್, ಗಾಜಿನ ಚೂರು, ಸೋಡಾ, ಕಿಟಕಿ ಚೌಕಟ್ಟು, ಮಸಿ. ಖುಷಿಯಾಗಲಿ ಅಂತ ಮಾಡಿದೆ ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತು.

"ಹಳೇವು ಎಲ್ಲಿ?"

ಸೌದೆಯ ಹಿಂದಿನಿಂದ ಗೋಣಿಚೀಲ ತಂದುಕೊಟ್ಟೆ. ಹೆರೆದ ನವಿಲನ್ನು ತೆಗೆದು, ಬಾಲ ಇದ್ದ ಜಾಗದ ಮೇಲೆ ಬೆರಳಾಡಿಸಿದಳು. ಮೂಸಿ ನೋಡಿದಳು. ಬೈಯಲಿಲ್ಲ. ಸ್ಟೌ ಮೇಲಿದ್ದ ಪಾಕ ಕಾಯುವುದಿಲ್ಲವಾದ್ದರಿಂದ ಚೀಲವನ್ನು ಪಕ್ಕಕ್ಕಿಟ್ಟು ಮತ್ತೆ ತಿರುವತೊಡಗಿದಳು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಆನೆ, ತುಳಸಿಕಟ್ಟೆ, ಗಿಳಿ ಸೇರಿ ಎಂಬತ್ತೂ ಮುಗಿದವು. ನವಿಲಿನ ಅಚ್ಚನ್ನು ಮತ್ತೆ ಮುಟ್ಟಲಿಲ್ಲ.

ಜನವರಿ 12, ಸೋಮವಾರ

ಭಾರತಿ ಮಾತಾಡುತ್ತಿಲ್ಲ. ಊಟಕ್ಕೆ ಕರೆಯಲು ಶ್ಯಾಮಲಳನ್ನು ಕಳಿಸುತ್ತಾಳೆ. ಕೊಬ್ಬರಿ, ಬೆಲ್ಲ ನಾನು ಹೆಚ್ಚಿದೆ. ಸಮನಾಗಿ ಹೆಚ್ಚಿದ್ದೇನೆ.

ಜನವರಿ 13, ಮಂಗಳವಾರ

ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತಿದ್ದಾಗ ಭಾರತಿ ಬಂದು ಹಳೆಯ ನವಿಲನ್ನು ನನ್ನ ಮುಂದೆ ಇಟ್ಟಳು.

"ಇದಕ್ಕಿನ್ನು ನೀರು ಕುಡಿಸೋಕಾಗಲ್ವಾ?"

"ಇಲ್ಲ" ಎಂದೆ. ಬೇರೆ ಉತ್ತರ ಇದ್ದಿದ್ದರೆ ಕೊಡುತ್ತಿದ್ದೆ.

ಅವಳು ಕೂತಳು. ಪಕ್ಕದವರಿಗೆ ಹೇಳುವ ಹಾಗೆ ಹೇಳಿದಳು. ಭಾರತಿಗೆ ಆರು ತಿಂಗಳಾಗಿದ್ದಾಗ ಅವರಮ್ಮ ಈ ಅಚ್ಚುಗಳನ್ನು ಮಾಡಿಸಿದರಂತೆ. ಹಬ್ಬ ಮರುದಿನವೇ ಇತ್ತು. ಬಡಗಿಯ ಮನೆ ಮುಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅವನು ಒಂದು ಕಾಲು ಕೆತ್ತಿ ಮುಗಿಸುವ ಹೊತ್ತಿಗೆ ಮಗು ಅಳತೊಡಗಿತು. ಇಷ್ಟೇ ಸಾಕು ಕೊಡಪ್ಪ, ನೆನೆಹಾಕಬೇಕು ಎಂದು ತಂದುಬಿಟ್ಟರು.

"ಇನ್ನೊಂದು ಕಾಲು ಎಲ್ಲಿ ಅಂತ ಪ್ರತಿ ಹಬ್ಬಕ್ಕೂ ನಾನು ಕೇಳೋಳು. ಅಮ್ಮ ಪ್ರತಿ ಸಲ ಬೇರೆ ಕಥೆ ಹೇಳೋರು. ಗೆಜ್ಜೆ ತರೋಕೆ ಅಂಗಡಿಗೆ ಹೋಗೈತೆ. ಆವನಿ ಬೆಟ್ಟದ ಮೇಲೆ ಮರೆತು ಬಂದೈತೆ. ಶ್ಯಾಮಲಂಗೂ ಹೇಳಿದ್ರು. ನಾನು ಪಾಪುಗೆ ಏನು ಹೇಳಲಿ? ನಿಮ್ಮ ನವಿಲಿಗೆ ಎಲ್ಲಾ ಐತೆ."

ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಅವಳಿಗೆ ಈ ಮಾತು ಹೇಳಿದ್ದು ಇದೇ ಮೊದಲು ಎಂದು ಅವಳೇ ಹೇಳಿದಳು. ನನ್ನ ಲೆಕ್ಕದಲ್ಲಿ ಎರಡನೆಯದು. ವಾದ ಮಾಡಲಿಲ್ಲ.

"ಹೊಸದರದ್ದು ಒಂದು ಕಾಲು ಮುಚ್ಚಿಕೊಡಿ. ಒಂದೇ ಒಂದು ಹುಯ್ಯಬೇಕು. ನೀವೇ ಹುಯ್ಯಿರಿ" ಎಂದಳು.

ತೇಗದ ಚಕ್ಕೆಯನ್ನು ಸಣ್ಣಗೆ ಹೆರೆದು, ಬಲಗಾಲಿನ ಗುಂಡಿಯೊಳಕ್ಕೆ ಬಿಗಿಯಾಗಿ ಕೂರಿಸಿದೆ. ಅಂಟು ಹಾಕಲಿಲ್ಲ. ನೀರು ಕುಡಿದರೆ ತಾನೇ ಉಬ್ಬಿ ಹಿಡಿದುಕೊಳ್ಳುತ್ತದೆ. ಗೊತ್ತಿದ್ದೂ ಒಂದು ಕೆಲಸವನ್ನು ಅರೆಯಾಗಿ ಮಾಡಿದ್ದು ಇದೇ ಮೊದಲು. ಕೆಲಸ ಕೆಟ್ಟಿಲ್ಲ.

ಭಾರತಿ ಹಂಡೆಗೆ ನೀರು ತುಂಬಿ ಹೊಸ ನವಿಲನ್ನು ನೆನೆಹಾಕಿದಳು. ಹಳೆಯದನ್ನೂ ಅದರ ಪಕ್ಕದಲ್ಲೇ ಮುಳುಗಿಸಿದಳು. ಅದು ಕುಡಿಯುವುದಿಲ್ಲ ಎಂದು ನಾನು ಹೇಳಲಿಲ್ಲ.

ಜನವರಿ 14, ಬುಧವಾರ. ಸಂಕ್ರಾಂತಿ

ಬೆಳಿಗ್ಗೆ ನವಿಲು ಹುಯ್ದೆ. ಬಿಡಿಸುವಾಗ ಆ ಸದ್ದು ಬಂತು. ಒಂದೇ ಕಾಲು.

ಸಂಜೆ ಪಾಪುವನ್ನು ಮಣೆಯ ಮೇಲೆ ಶ್ಯಾಮಲಳ ತೊಡೆಯಲ್ಲಿ ಕೂರಿಸಿ, ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ತುಂಡು ಎರೆದರು. ಅಕ್ಕಯಮ್ಮ ಮೊದಲು ಎರೆದರು. ಮುನಿಯಲ್ಲಪ್ಪನೂ ಮನೆಯವರೊಂದಿಗೆ ಬಂದಿದ್ದ. ಅವನಿಗೆ ಕಾಫಿ ಕೊಟ್ಟೆ. ಬೇಡ ಅನ್ನಲಿಲ್ಲ.

ಕೊನೆಯಲ್ಲಿ ಭಾರತಿ ನವಿಲನ್ನು ಪಾಪುವಿನ ಕೈಗೆ ಕೊಟ್ಟಳು. ಅದು ನೇರವಾಗಿ ಜುಟ್ಟನ್ನು ಬಾಯಿಗೆ ಹಾಕಿಕೊಂಡಿತು.

"ಇದು ನಿಮ್ಮ ಮುತ್ತಜ್ಜಿ ನವಿಲು ಕಣೇ" ಎಂದಳು ಭಾರತಿ. "ಇನ್ನೊಂದು ಕಾಲು ಎಲ್ಲಿ ಹೋಯ್ತು ಅಂತ ನಿಮ್ಮ ತಾತನ್ನ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ಮಗುವೂ ನೋಡಿತು. ನನಗೆ ಕಥೆ ಕಟ್ಟಿ ಅಭ್ಯಾಸವಿಲ್ಲ.

"ಮುಷ್ಕರಕ್ಕೆ ಹೋಗಿದೆ" ಎಂದೆ.

ಮೊದಲು ನಕ್ಕವನು ಮುನಿಯಲ್ಲಪ್ಪ. ಆಮೇಲೆ ಭಾರತಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ನಕ್ಕು ನಾಲ್ಕು ದಿನವಾಗಿತ್ತು.

"ವಾಪಸ್ ಯಾವಾಗ ಬರುತ್ತಂತೆ?" ಎಂದು ಕೇಳಿದಳು.

ಮಾತುಕತೆ ನಡೀತಾ ಇದೆ ಎಂದೆ.